ಕಾದಂಬರಿಗೆ ಇಳಿಯದ ವಿಮಾನ

ಎರಡನೆಯ ಮಹಾಯುದ್ಧ ನಮ್ಮ ಗದ್ಯಸಾಹಿತ್ಯಕ್ಕೆ ಬಂದದ್ದು ಹೆಚ್ಚಾಗಿ ಸೀಮೆಎಣ್ಣೆಯ ಅಭಾವವಾಗಿ, ಪಡಿತರ ಚೀಟಿಯಾಗಿ, ಲೆವಿಗೆ ಅಳೆದ ರಾಗಿಯಾಗಿ. ಹೊಳೆನರಸೀಪುರದ ನಮ್ಮ ಮನೆಯ ಹಿರಿಯರಿಗೂ ಯುದ್ಧವೆಂದರೆ ಇಷ್ಟೇ. ಅರಕಲಗೂಡಿನಲ್ಲಿ ಓದು ಬಿಟ್ಟು ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದ ದೊಡ್ಡಪ್ಪ ಒಬ್ಬರು ಮಾತ್ರ ಬೇರೆ ಹೇಳುತ್ತಿದ್ದರು: “ಬೆಳ್ಳಂದೂರು ಕೆರೆ ಮೇಲೆ ಬಾತುಕೋಳಿ ಕೂತಂಗೆ ಬಂದು ಕೂರೋದು ಕಣೋ ವಿಮಾನ.” ಮಕ್ಕಳಾದ ನಾವು ನಗುತ್ತಿದ್ದೆವು. ಅದು ನಿಜವೆಂದು ನಾನು ತಿಳಿದದ್ದು ಬಹಳ ತಡವಾಗಿ, ಅಮೆರಿಕದ ಸೈನಿಕರು ತೆಗೆದ ಫೋಟೋಗಳನ್ನು ನೋಡಿದ ಮೇಲೆ.

1940ರ ಡಿಸೆಂಬರ್ 23ರಂದು ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದೊಡನೆ ಕೂಡಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಸಂಸ್ಥಾನ 700 ಎಕರೆ ನೆಲ ಕೊಟ್ಟಿತು. ಜಪಾನೀಯರು ಬರ್ಮಾಕ್ಕೆ ನುಗ್ಗಿದ್ದ 1942ರಲ್ಲಿ ಭಾರತ ಸರ್ಕಾರ ವಾಲ್‌ಚಂದರ ಪಾಲನ್ನು ಕೊಂಡಿತು. ಮರುವರ್ಷ ಕಾರ್ಖಾನೆ ಅಮೆರಿಕದ ಸೇನೆಯ ಕೈಗೆ ಹೋಗಿ 84ನೆಯ ಏರ್ ಡಿಪೋ ಆಯಿತು. ದುರಸ್ತಿಗೆ ಬರುತ್ತಿದ್ದ ಕ್ಯಾಟಲೀನಾ ವಿಮಾನಗಳ ಹೊಟ್ಟೆ ದೋಣಿಯಂಥದು. ಅವಕ್ಕೆ ಕೆರೆಯೇ ನಿಲ್ದಾಣವಾಯಿತು.

ಯುದ್ಧ ಮುಗಿದ ಮೇಲೆ ನೀರಿನ ನಿಲ್ದಾಣ ಇಲ್ಲವಾಯಿತು, ನೆಲದ್ದು ಉಳಿಯಿತು. ಅಲ್ಲಿಂದ ನಾಗರಿಕ ವಿಮಾನಗಳು ದೇವನಹಳ್ಳಿಗೆ ಹೋದದ್ದು 2008ರ ಮೇ ತಿಂಗಳಲ್ಲಿ. ಕೆರೆಗೋ, ನಗರದ ಕೊಳಚೆ ತುಂಬಿತು. 2015ರಲ್ಲಿ ಅದರ ನೊರೆಗೆ ಬೆಂಕಿ ಹತ್ತಿತು. 2018ರ ಜನವರಿಯಲ್ಲಿ ಮತ್ತೆ ಹೊತ್ತಿಕೊಂಡಾಗ ಆರಿಸಲು ಸೈನಿಕರೇ ಬರಬೇಕಾಯಿತು. ಇಂಥ ದೃಶ್ಯವನ್ನು ಯಾವ ಕಾದಂಬರಿಕಾರನೂ ಕಟ್ಟಿದ್ದರೆ ವಿಮರ್ಶಕರಾದ ನಾವು ಅತಿರಂಜಿತವೆಂದು ತಳ್ಳಿಬಿಡುತ್ತಿದ್ದೆವು!

ಕಾರ್ಖಾನೆಯ ವಸ್ತುಸಂಗ್ರಹಾಲಯ 2001ರಲ್ಲಿ ತೆರೆಯಿತು. ಅಲ್ಲಿ ವಿಮಾನಗಳ ವಂಶಾವಳಿ ಉಂಟು. ಅದು ಅದರ ಕೆಲಸ. ನನ್ನ ಆಕ್ಷೇಪಣೆ ಇರುವುದು ನಮ್ಮ ಸಾಹಿತ್ಯದ ಮೇಲೆ. ವಿಮಾನವೆಂದರೆ ಪರದೇಶದ ಯಂತ್ರ, ಪಟ್ಟಣದ ವಿಷಯ, ನಮಗೆ ಸಲ್ಲದ್ದು ಎಂದು ನಾವು ಬಗೆದೆವು. ಅದು ಮೊದಲು ಒಂದು ನೆಲ, ಒಂದು ಕೆರೆ ಎಂಬುದನ್ನು ಮರೆತೆವು.

ನೆಲವನ್ನು ಬಲ್ಲ ಲೇಖಕರಿಗೆ ನಮ್ಮ ಜಿಲ್ಲೆಯಲ್ಲಿ ಕೊರತೆಯೇನಿರಲಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರಾದ ಭೈರಪ್ಪನವರ ‘ಗೃಹಭಂಗ’ (1970) ಯುದ್ಧದ ದಿನಗಳವರೆಗೂ ಸಾಗುತ್ತದೆ. ಅದರ ಹಿರಿಮೆ ಪ್ಲೇಗಿನ ದುಃಖದಲ್ಲಷ್ಟೇ ಇಲ್ಲ. ಕೈಲಾಗದ ಗಂಡನ ಶಾನುಭೋಗಿಕೆಯ ಲೆಕ್ಕವನ್ನು ನಂಜಮ್ಮ ತಾನೇ ಬರೆಯುವ ಪುಟಗಳಲ್ಲಿ ಹೊಲಕ್ಕೂ ಬಾಳಿಗೂ ಇರುವ ನಂಟು ಬೇರೆ ವಿವರಣೆ ಬೇಡುವುದಿಲ್ಲ. ಅಂಥ ಕಣ್ಣೊಂದು ಆ 700 ಎಕರೆಯ ಮೇಲೆ ಬಿದ್ದಿದ್ದರೆ? ಅಲ್ಲಿ ಯಾವ ಬೆಳೆ ಇತ್ತು, ಕೆರೆಯ ಮೀನು ಯಾರ ಪಾಲಾಗುತ್ತಿತ್ತು, ವಿಮಾನ ಇಳಿದ ದಿನ ದನಗಳನ್ನು ಎಲ್ಲಿ ನೀರಿಗೆ ಬಿಟ್ಟರು?

ಗೊರೂರು ರಾಮಸ್ವಾಮಿ ಅಯ್ಯಂಗಾರರು ಹೇಮಾವತಿ ದಂಡೆಯ ಬದುಕನ್ನು ಎಷ್ಟು ಪ್ರೀತಿಯಿಂದ ಬರೆದರು! ಅವರೂ ಕೊನೆಗೆ ವಿಮಾನ ಹತ್ತಿದರು, ‘ಅಮೆರಿಕದಲ್ಲಿ ಗೊರೂರು’ ಬಂದಿತು, 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂದಿತು. ನಮ್ಮಲ್ಲಿ ವಿಮಾನ ಪ್ರವಾಸಕಥನಕ್ಕೆ ಸುಲಭವಾಗಿ ಒದಗುತ್ತದೆ, ಏಕೆಂದರೆ ಲೇಖಕ ಅದರ ಒಳಗೆ ಕುಳಿತಿರುತ್ತಾನೆ. ಕೆಳಗೆ ನಿಂತು ನೋಡುವವನಿಗೆ ಅದು ಇನ್ನೂ ಒದಗಿಲ್ಲ. ಹೆಸರಿನ ಮೊದಲಕ್ಷರದಲ್ಲೇ ಅರಕಲಗೂಡನ್ನು ಹೊತ್ತ ಅ.ನ.ಕೃ. ಅವರು ಬೆಂಗಳೂರಿನಲ್ಲೇ ಬಾಳಿದವರು, ಸಾಹಿತ್ಯ ಜನಜೀವನಕ್ಕೆ ಇಳಿಯಲೆಂದು ಹೋರಾಡಿದವರು. ಅವರ ಕಾದಂಬರಿಗಳಲ್ಲಿ ನಾನು ಓದಿದವುಗಳಲ್ಲಿ ವಿಮಾನಪುರದ ಫಿಟ್ಟರ್ ಒಬ್ಬನನ್ನೂ ಕಾಣಲಿಲ್ಲ.

ದೊಡ್ಡಪ್ಪ ತೀರಿಹೋದರು. ಅವರ ಬಾಯಿಂದ ನಾನು ಬರೆದುಕೊಂಡದ್ದು ಆ ಬಾತುಕೋಳಿಯ ಮಾತೊಂದೇ. ಸಾಹಿತ್ಯವನ್ನು ದೂರುವಾಗ ಇದನ್ನೂ ಒಪ್ಪಿಕೊಳ್ಳಬೇಕು.

ಹಾಸನದ ಬೂವನಹಳ್ಳಿಯಲ್ಲಿ ವಿಮಾನ ನಿಲ್ದಾಣಕ್ಕೆಂದು 2007ರಲ್ಲಿ ಅಡಿಗಲ್ಲು ಹಾಕಿದರು. ಮುಂದಿನ ಹತ್ತು ವರ್ಷಗಳಲ್ಲಿ ಅಲ್ಲಿ ಯಾವ ಪ್ರಯಾಣಿಕ ವಿಮಾನವೂ ಇಳಿಯಲಿಲ್ಲ. ಆ ನೆಲವನ್ನು ಉತ್ತವರಿನ್ನೂ ಆಸುಪಾಸಿನಲ್ಲೇ ಇದ್ದಾರೆ. ಹಾಸನದ ಬಸ್ ನಿಲ್ದಾಣದಿಂದ ಅದೇನೂ ದೂರದ ಊರಲ್ಲ.