ಪ್ರಕೃತಿ ಕುರಿತ ಜೈನ ಘೋಷಣೆ: ಒಂದು ವಿಮರ್ಶೆ

ಡಾ. ಎಲ್. ಎಂ. ಸಿಂಘ್ವಿಯವರು ಇಂಗ್ಲಿಷಿನಲ್ಲಿ ರಚಿಸಿದ ‘ಪ್ರಕೃತಿ ಕುರಿತ ಜೈನ ಘೋಷಣೆ’ಯನ್ನು 1990ರ ಅಕ್ಟೋಬರ್ 23ರಂದು ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ರಾಜಕುಮಾರ ಫಿಲಿಪ್ ಅವರಿಗೆ ಅರ್ಪಿಸಲಾಯಿತು. ಅಹಿಂಸೆ, ಅನೇಕಾಂತ, ಅಪರಿಗ್ರಹಗಳನ್ನೂ ಜೀವಿಗಳ ಪರಸ್ಪರೋಪಕಾರವನ್ನು ಸಾರುವ ತತ್ತ್ವಾರ್ಥಸೂತ್ರದ ಮಾತನ್ನೂ ಕೆಲವೇ ಪುಟಗಳಲ್ಲಿ, ಜೈನೇತರರಿಗೂ ತಿಳಿಯುವಂತೆ, ಪಂಥಭೇದದ ಸೋಂಕಿಲ್ಲದೆ ನಿರೂಪಿಸಿದ್ದು ಅದರ ಹಿರಿಮೆ. ಹೊರಗಿನವರಿಗೆ ನಮ್ಮನ್ನು ಪರಿಚಯಿಸುವ ಬರಹವಾಗಿ ಅದಕ್ಕೆ ಸರಿಸಾಟಿಯಾದುದು ವಿರಳ. ಅದನ್ನೇ ನಮ್ಮ ಮಕ್ಕಳಿಗೆ ಪಾಠವಾಗಿ ಒಪ್ಪಿಸಿದಾಗ ಮಾತ್ರ ಕೊರತೆ ಕಾಣತೊಡಗುತ್ತದೆ.

ಘೋಷಣೆಯ ಅತ್ಯಂತ ದಿಟ್ಟ ಮಾತುಗಳು ಅಪವ್ಯಯದ ವಿಷಯದಲ್ಲಿವೆ. ಅಗತ್ಯವನ್ನು ಮೀರಿದ ಬಳಕೆ ಚೌರ್ಯವೆಂದೂ ಮಾಲಿನ್ಯವನ್ನುಂಟುಮಾಡುವುದು ಹಿಂಸೆಯೆಂದೂ ಅದು ನಿಸ್ಸಂಕೋಚವಾಗಿ ಹೇಳುತ್ತದೆ. ಆದರೆ ಬಳಕೆಯು ಯುಕ್ತ ಮಿತಿಯಲ್ಲಿರಬೇಕೆಂದು ಸೂಚಿಸಿ ಮುಂದೆ ಸಾಗಿಬಿಡುತ್ತದೆ. ಯುಕ್ತವೆಂದರೆ ಎಷ್ಟು? ಘೋಷಣೆಗಳಲ್ಲಿ ಇಂಥ ವಿವರ ಹುಡುಕಬಾರದೆನ್ನಬಹುದು. ಆದರೆ ಜೈನ ಆಚಾರಸಂಹಿತೆಗೆಂದೇ ಒಂದು ಭಾಗವನ್ನು ಮೀಸಲಿಟ್ಟ ಬರಹವನ್ನು ಈ ಪ್ರಶ್ನೆ ಕೇಳುವುದು ಅನುಚಿತವಲ್ಲ.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಈ ಪ್ರಶ್ನೆಯನ್ನು ಶ್ರಾವಕನ ಮುಂದೆಯೇ ಇಡುತ್ತದೆ. ಅಲ್ಲಿ ಅನರ್ಥದಂಡದ ಐದು ಬಗೆಗಳಲ್ಲಿ ಪ್ರಮಾದಚರ್ಯೆಯೂ ಒಂದು. ನಿಷ್ಪ್ರಯೋಜಕವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹಚ್ಚುವುದು, ಸಸ್ಯ ಕಡಿಯುವುದು, ವೃಥಾ ತಿರುಗುವುದು, ಇತರರನ್ನೂ ತಿರುಗಿಸುವುದು ಅದರಲ್ಲಿ ಸೇರಿವೆ. (ಪರಿಸರ ಜಾಥಾಕ್ಕೆಂದು ಮಕ್ಕಳನ್ನು ಬಸ್ಸುಗಳಲ್ಲಿ ತುಂಬಿ ಕರೆದೊಯ್ಯುವ ಸಂಘಟಕರು ಈ ಕೊನೆಯ ಮಾತನ್ನು ಗಮನಿಸಬೇಕು.) ಭೋಗೋಪಭೋಗ ಪರಿಮಾಣವ್ರತದ ನಿರೂಪಣೆ ಇನ್ನೂ ಖಚಿತವಾದುದು. ಊಟ, ವಾಹನ, ಸ್ನಾನ, ಹೂವು, ಉಡುಗೆಗಳಿಗೆ ಇಂದಿಗೆ, ಒಂದು ಪಕ್ಷಕ್ಕೆ, ಒಂದು ತಿಂಗಳಿಗೆ, ಒಂದು ಋತುವಿಗೆ ಎಂದು ಅವಧಿ ಗೊತ್ತುಪಡಿಸಿ ಮಿತಿ ಹಾಕಿಕೊಂಡರೆ ಅದು ನಿಯಮ. ಆಜೀವ ಪಾಲಿಸಿದರೆ ಯಮ.

ನಮ್ಮ ಶಾಲೆಗಳ ಮತ್ತು ಬಸದಿ ಟ್ರಸ್ಟುಗಳ ಪರಿಸರ ಕಾರ್ಯಕ್ರಮಗಳು ಈ ಶ್ರಾವಕಾಚಾರಕ್ಕಿಂತ ಆ ಘೋಷಣೆಯನ್ನೇ ಹೋಲುತ್ತವೆ. ಜೂನ್ 5ರಂದು ಸಸಿ ನೆಡುವುದು, ಪ್ರಬಂಧ ಸ್ಪರ್ಧೆ, ಬಹುಮಾನ, ಭಾಷಣ. ನೆಟ್ಟ ಸಸಿಗೆ ಬೇಸಿಗೆಯಲ್ಲಿ ನೀರೆರೆಯುವವರು ಯಾರೆಂಬುದು ಆಹ್ವಾನಪತ್ರಿಕೆಯಲ್ಲಿ ಇರುವುದಿಲ್ಲ. ಅದರ ಬದಲು ಪ್ರತಿಯೊಬ್ಬ ವಿದ್ಯಾರ್ಥಿಯೂ ಹದಿನೈದು ದಿನಗಳ ಮಟ್ಟಿಗೆ ಸ್ನಾನಕ್ಕೆ ಇಷ್ಟೇ ತಂಬಿಗೆ ನೀರು, ಶಾಲೆಗೆ ಇಷ್ಟು ದಿನ ನಡಿಗೆ ಎಂದು ತಾನೇ ನಿಯಮ ಮಾಡಿಕೊಂಡು, ಪಾಲಿಸಿದ್ದನ್ನೂ ತಪ್ಪಿದ್ದನ್ನೂ ಬರೆದಿಡಲಿ. ಟ್ರಸ್ಟಿನವರೂ ಉತ್ಸವದ ಹೂವು, ನೀರಿನ ಬಾಟಲಿ, ಜನರೇಟರಿನ ಡೀಸೆಲ್‌ಗಳಿಗೆ ಮೊದಲೇ ಸಂಖ್ಯೆ ಗೊತ್ತುಪಡಿಸಿ ಬಸದಿಯ ಬಾಗಿಲಲ್ಲಿ ಪ್ರಕಟಿಸಲಿ. ಸಂಖ್ಯೆಯಿಲ್ಲದ ವ್ರತಕ್ಕೆ ಭಂಗವೆಂಬುದೇ ಇಲ್ಲ. ಘೋಷಣೆಯನ್ನು ಓದಿದ ಬಳಿಕವೂ ಯಾರ ಮನೆಯ ಖರ್ಚೂ ಕಡಿಮೆಯಾಗದಿರುವುದು ಇದರಿಂದಲೇ.

ನೀರು ಸೋಸುವ ಆಚಾರವನ್ನೂ ಇಲ್ಲಿ ನೆನೆಯಬೇಕು. ಎರಡು ಪದರದ ದಪ್ಪ ಬಟ್ಟೆಯಲ್ಲಿ ಸೋಸಿದರೆ ಅರ್ಧ ಕೆಲಸ ಮಾತ್ರ ಮುಗಿಯಿತು. ಬಟ್ಟೆಯಲ್ಲುಳಿದ ಸೂಕ್ಷ್ಮ ಜೀವಿಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಎತ್ತಿದ ಬಾವಿಗೇ ಮೆಲ್ಲನೆ ಮರಳಿಸಬೇಕು. ಜಲಮೂಲದೊಡನೆ ಗೃಹಸ್ಥನಿಗಿರುವ ಸಂಬಂಧವನ್ನು ಇಷ್ಟು ನೇರವಾಗಿ ಕಲಿಸುವ ಪಾಠ ಯಾವ ಪಠ್ಯಪುಸ್ತಕದಲ್ಲಿದೆ? ಕೊಳವೆಬಾವಿಯ ನೀರನ್ನು ನಲ್ಲಿಯಲ್ಲಿ ಹಿಡಿಯುವ ಮನೆಯಲ್ಲಿ ಬಟ್ಟೆ ಉಳಿದೀತು, ಮರಳಿಸುವ ಸ್ಥಳ ಉಳಿಯಲಾರದು. ಆವರಣದಲ್ಲಿ ಇನ್ನೂ ತೆರೆದ ಬಾವಿಯಿರುವ ಬಸದಿಗಳ ಟ್ರಸ್ಟಿನವರು ಅದರ ಮೇಲೆ ಕಾಂಕ್ರೀಟು ಮುಚ್ಚುವ ಮೊದಲು ಹೂಳೆತ್ತಿಸಿ, ಮಳೆನೀರು ಇಳಿಯುವಂತೆ ಮಾಡಿ, ಪಾಠಶಾಲೆಯ ಮಕ್ಕಳ ಕೈಗೆ ಹಗ್ಗ, ಕೊಡ, ಬಟ್ಟೆಗಳನ್ನು ಕೊಡಲಿ. ಘೋಷಣೆಯ ಪುಟಗಳನ್ನು ಅದಾದ ಮೇಲೆ ಓದಿಸಬಹುದು.