ತುಕ್ಕು, ತೇಪೆ ಮತ್ತು ಒಂದು ಆಯಸ್ಕಾಂತ

ನಮ್ಮ ಮನೆಯ ಫ್ರಿಜ್ಜಿನ ಬಾಗಿಲಿಗೆ ತಿರುಪತಿ ವೆಂಕಟರಮಣನ ಚಿತ್ರವಿರುವ ಆಯಸ್ಕಾಂತದ ಬಿಲ್ಲೆಯೊಂದು ಅಂಟಿಕೊಂಡಿದೆ. ಗ್ಯಾಸಿನ ರಸೀದಿ, ಹಾಲಿನ ಲೆಕ್ಕ, ಲೈಟ್ ಬಿಲ್ಲು ಎಲ್ಲವನ್ನೂ ಹಿಡಿದಿಡುವುದು ಅದೇ. 2023ರ ಒಂದು ಭಾನುವಾರ ಅದನ್ನು ಕೈಚೀಲಕ್ಕೆ ಹಾಕಿಕೊಂಡು ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿದೆ. ಊರ್ಗಾಂನಲ್ಲಿ ಇಳಿದು ರಾಬರ್ಟ್‌ಸನ್‌ಪೇಟೆಯ ತವರುಮನೆಗೆ ಹೋದವಳು, ಅಮ್ಮನ ಕೈಯ ಕಾಫಿಗೂ ಕಾಯದೆ ನೇರವಾಗಿ ಹಿತ್ತಲಿನ ಷೆಡ್ಡಿಗೆ ನಡೆದೆ. ಅಲ್ಲಿ ಅಪ್ಪನ ಫಿಯೆಟ್ ನಿಂತಿತ್ತು.

ಬಿಲ್ಲೆಯನ್ನು ಬಾನೆಟ್ ಮೇಲಿಟ್ಟೆ, ಗಟ್ಟಿಯಾಗಿ ಕಚ್ಚಿಕೊಂಡಿತು. ಛಾವಣಿಗೂ ಕಚ್ಚಿಕೊಂಡಿತು. ಮುಂದಿನ ಮಡ್‌ಗಾರ್ಡಿನ ಕೆಳಭಾಗಕ್ಕೆ ತಂದೆ, ಜಾರಿ ನೆಲಕ್ಕೆ ಬಿತ್ತು. ಬಾಗಿಲಿನ ಕೆಳಅಂಚಿನಲ್ಲೂ ಬಿತ್ತು, ಬಾಗಿಲಡಿಯ ಹೊಸ್ತಿಲಿನಲ್ಲಂತೂ ಉದ್ದಕ್ಕೂ ಬೀಳುತ್ತಲೇ ಹೋಯಿತು.

ತಮ್ಮ ನಕ್ಕ. “ಏನಕ್ಕಾ, ಕಾರಿಗೆ ದೃಷ್ಟಿ ತೆಗೀತಿದ್ದೀಯಾ?” ಎಂದ.

ದೃಷ್ಟಿ ತೆಗೆಯುತ್ತಿರಲಿಲ್ಲ, ವಿಮರ್ಶೆ ಮಾಡುತ್ತಿದ್ದೆ. ಕಾರಿನ ರಿಪೇರಿಗೂ ವಿಮರ್ಶೆಯೇ ಎಂದು ನೀವು ಹುಬ್ಬೇರಿಸಬಹುದು. ಸೀರೆಯ ರಫೂ ಕೆಲಸವನ್ನು ತಿರುಗಿಸಿ ಒಳಮೈ ನೋಡಿಯೇ ದುಡ್ಡು ಕೊಡುವವರು ನಾವು. ದರ್ಜಿ ಹೊಲಿದ ರವಿಕೆಯ ಹೊಲಿಗೆಯನ್ನು ಎಳೆದು ನೋಡುತ್ತೇವೆ. ತಗಡಿನ ತೇಪೆಯನ್ನು ಮಾತ್ರ ಗಂಡಸರು ಹೇಳಿದಂತೆ ನಂಬಬೇಕೆಂದು ಯಾರು ಹೇಳಿದರು?

ಮೊದಲು ಗಾಡಿಯ ವಿಷಯ ಹೇಳಬೇಕು. ಅದು 1972ರ ಮಾಡೆಲ್, ಫಿಯೆಟ್ 1100 ಡಿಲೈಟ್. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ತಯಾರಿಸಿದ್ದು. ಇದೇ ಗಾಡಿಗೆ ಮುಂದೆ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಬಂತು. ಗೇರು ಸ್ಟಿಯರಿಂಗಿನ ಪಕ್ಕದಲ್ಲಿ, ಮುಂದಿನ ಸೀಟು ಬೆಂಚಿನಂತೆ ಒಂದೇ. ಭಾರತ್ ಗೋಲ್ಡ್ ಮೈನ್ಸ್ ಎಂಬ ಕಂಪನಿ ಹುಟ್ಟಿದ್ದೂ 1972ರಲ್ಲೇ. ಗಣಿಯ ಕಚೇರಿಯಲ್ಲಿದ್ದ ಅಪ್ಪ ಈ ಗಾಡಿಯನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದು 1978ರಲ್ಲಿ. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅಪ್ಪ 2009ರಲ್ಲಿ ಹೋದರು. ಗಾಡಿ ಉಳಿಯಿತು.

2014ರಲ್ಲಿ ತಮ್ಮನ ಮಗಳ ಮದುವೆ ಬಂತು. ಅಜ್ಜನ ಕಾರಿನಲ್ಲೇ ಛತ್ರಕ್ಕೆ ಹೋಗಬೇಕೆಂದು ಹುಡುಗಿಗೆ ಆಸೆ. ಗಾಡಿಯನ್ನು ಒಂದು ಗ್ಯಾರೇಜಿಗೆ ಕೊಟ್ಟೆವು. ಎಂಟೇ ದಿನದಲ್ಲಿ ಅದು ಹಾಲಿನ ಕೆನೆಯ ಬಣ್ಣದಲ್ಲಿ ಮಿರಿಮಿರಿ ಮಿಂಚುತ್ತಾ ಬಂತು. ಹೂವಿನ ಹಾರ ಹಾಕಿಕೊಂಡು ಛತ್ರದ ಮುಂದೆ ನಿಂತಾಗ ನೋಡಿದವರೆಲ್ಲ ಕಾರಿನ ಪಕ್ಕದಲ್ಲೂ ಫೋಟೋ ತೆಗೆಸಿಕೊಂಡರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಾಗಿಲಿನ ಕೆಳಗೆ ಬಣ್ಣ ಹಪ್ಪಳದಂತೆ ಉಬ್ಬತೊಡಗಿತು. ಉಗುರಿನಿಂದ ಕೆರೆದರೆ ಬಣ್ಣ, ಅದರಡಿ ಬೂದುಬಣ್ಣದ ಪುಟ್ಟಿ, ಅದರಡಿ ಕೆಂಪು ಪುಡಿ. ತಗಡು ಎಲ್ಲಿಯೋ!

ತುಕ್ಕು ಏನೆಂದು ನಮಗೆ ಯಾರೂ ಕಲಿಸಬೇಕಿಲ್ಲ. ಕಬ್ಬಿಣದ ದೋಸೆ ಕಾವಲಿಯನ್ನು ಒದ್ದೆಯಾಗಿ ಕವುಚಿಟ್ಟು ಎರಡು ದಿನ ಊರಿಗೆ ಹೋಗಿ ಬಂದರೆ ಸಾಕು. ಕಬ್ಬಿಣ, ನೀರು, ಗಾಳಿ ಈ ಮೂರು ಸೇರಿದರೆ ತುಕ್ಕು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಬಣ್ಣ ಉಬ್ಬುವುದು ಅದಕ್ಕೇ. ಉಬ್ಬು ಕಾಣುವ ಹೊತ್ತಿಗೆ ಒಳಗಿನ ಊಟ ಮುಗಿಯುತ್ತ ಬಂದಿರುತ್ತದೆ.

ಆದರೆ ನಮ್ಮದು ಸಮುದ್ರದ ಊರಲ್ಲವಲ್ಲ? ಕೋಲಾರ ಜಿಲ್ಲೆಯಲ್ಲಿ ಮಳೆಗೇ ಬರ. ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಉತ್ತರ ಗಾಡಿಯ ಬಾಗಿಲಿನಲ್ಲೇ ಇತ್ತು. ಕಿಟಕಿ ಗಾಜಿನ ಸಂದಿಯಿಂದ ಬಾಗಿಲೊಳಗೆ ಇಳಿಯುವ ನೀರು ಹೊರಹೋಗಲೆಂದು ಕೆಳಅಂಚಿನಲ್ಲಿ ಸಣ್ಣ ತೂತುಗಳಿರುತ್ತವೆ. ನಮ್ಮೂರಿನ ಸೈನೈಡ್ ದಿಬ್ಬಗಳಿಂದ ಗಾಳಿಗೆ ಏಳುವ ಹಿಟ್ಟಿನಂಥ ಧೂಳು ನಿಮಗೆ ಗೊತ್ತೇ ಇದೆ. ಅದು ಆ ತೂತುಗಳಲ್ಲಿ ಕೆಸರಾಗಿ ಕೂತು ಗಟ್ಟಿಯಾಗಿತ್ತು. ಸಾಲದ್ದಕ್ಕೆ ನಾವು ಕಾಳಜಿಯಿಂದ ಹೊದಿಸಿದ ಟಾರ್ಪಾಲು ಒಳಗಿನ ತೇವವನ್ನು ಹೊರಗೆ ಬಿಡದೆ ಕಾಪಾಡಿತ್ತು. ಬಚ್ಚಲಿನ ಜಾಲರಿ ಕಟ್ಟಿಕೊಂಡಾಗ ಏನಾಗುತ್ತದೋ ಇಲ್ಲಿಯೂ ಅದೇ ಆಗಿತ್ತು.

ಎರಡನೆಯ ಸಲ ಕೆಲಸ ಹಿಡಿದವರು ಒಬ್ಬ ವೃದ್ಧ ಮೇಸ್ತ್ರಿ. ಗಣಿಯ ವರ್ಕ್‌ಷಾಪಿನಲ್ಲಿ ತಗಡು ಬಡಿದು, ವೆಲ್ಡಿಂಗ್ ಮಾಡಿ ಪಳಗಿದ ಕೈ. ಗಣಿ ಮುಚ್ಚಿದ ಮೇಲೆ ತಮ್ಮ ಮನೆಯ ಪಕ್ಕದಲ್ಲೇ ಟಿಂಕರಿಂಗ್ ಷೆಡ್ ಹಾಕಿಕೊಂಡಿದ್ದರು. ಇದ್ದ ಗಾಡಿಯನ್ನು ಚೆನ್ನಾಗಿ ಮಾಡುವ ಬದಲು ಅವರು ಮೊದಲ ಎರಡು ವಾರ ಅದನ್ನು ಹಾಳು ಮಾಡಿದರು. ಬ್ಯಾಟರಿ, ಪೆಟ್ರೋಲ್ ಟ್ಯಾಂಕು, ಸೀಟು, ನೆಲದ ಮ್ಯಾಟು ಎಲ್ಲ ಹೊರಗೆ. ಸಣ್ಣ ಸುತ್ತಿಗೆಯಿಂದ ತೆಂಗಿನಕಾಯಿ ತಟ್ಟಿ ನೋಡುವಂತೆ ಇಡೀ ಗಾಡಿಯನ್ನು ತಟ್ಟಿದರು. ಠಣ್ ಎಂದ ಕಡೆ ಬಿಟ್ಟರು, ದಬ್ ಎಂದ ಕಡೆ ಸೀಮೆಸುಣ್ಣದ ಗೆರೆ ಹಾಕಿದರು. ಡ್ರೈವರ್ ಸೀಟಿನ ಕೆಳಗೆ ಸ್ಕ್ರೂಡ್ರೈವರ್ ಒತ್ತಿದರೆ ಇಡ್ಲಿಗೆ ಚುಚ್ಚಿದಂತೆ ಇಳಿಯಿತು.

“ಅಮ್ಮಾ, ಮೊದಲು ಕೊಳೆತದ್ದು ಹೋಗಬೇಕು. ಕೊಳೆತದ್ದರ ಮೇಲೆ ಏನು ಹಾಕಿದರೂ ಅದು ಬಣ್ಣವೇ, ಕೆಲಸ ಅಲ್ಲ,” ಎಂದರು.

ಫಿಯೆಟ್‌ನಂಥ ಗಾಡಿಗಳಿಗೆ ಜೀಪಿನಂತೆ ಬೇರೆ ಛಾಸಿ ಇರುವುದಿಲ್ಲ, ಬಾಡಿಯೇ ಭಾರ ಹೊರಬೇಕು. ಹೊಸ್ತಿಲು ಕೊಳೆತರೆ ನಡು ಮುರಿದಂತೆ. ಆದ್ದರಿಂದ ಹೊಸ್ತಿಲು ಕತ್ತರಿಸುವ ಮುನ್ನ ಬಾಗಿಲ ಜಾಗಕ್ಕೆ ಅಡ್ಡಲಾಗಿ ಕಬ್ಬಿಣದ ಪೈಪು ಬೆಸೆದು, ಕೆಳಗೆ ಆನಿಕೆ ಕೊಟ್ಟು, ಒಂದು ಕಡೆ ಮುಗಿಸಿಯೇ ಇನ್ನೊಂದು ಕಡೆ ಮುಟ್ಟಿದರು. ಹೊಳೆಯುವ ಗಟ್ಟಿ ತಗಡು ಸಿಗುವವರೆಗೂ ಕತ್ತರಿಸಿದರು. ಆಮೇಲೆ ರಟ್ಟಿನ ಮೇಲೆ ಅಳತೆ ತೆಗೆದರು. ರವಿಕೆಗೆ ಪೇಪರ್ ಕಟಿಂಗ್ ಮಾಡುವಂತೆಯೇ! ಅದರಂತೆ ಹೊಸ ತಗಡು ಕತ್ತರಿಸಿ, ಬಗ್ಗಿಸಿ, ಅಂಚಿಗೆ ಅಂಚು ಕೂಡಿಸಿದರು. ಹಳೆಯದರ ಮೇಲೆ ಹೊಸದನ್ನು ಏರಿಸಿ ಬೆಸೆದರೆ ಸುಲಭವಲ್ಲವೇ ಎಂದು ಕೇಳಿದೆ. ಎರಡು ಪದರದ ನಡುವೆ ನೀರು ನಿಲ್ಲುತ್ತದೆ, ಐದು ವರ್ಷಕ್ಕೆ ಮತ್ತೆ ನನ್ನ ಹತ್ತಿರ ಬರುತ್ತೀರಿ ಎಂದು ನಕ್ಕರು.

ವೆಲ್ಡಿಂಗನ್ನೂ ಒಂದೇ ಸಮನೆ ಎಳೆಯಲಿಲ್ಲ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ನಡುವೆ ಬೀಡಿ ಸೇದುವಷ್ಟು ಬಿಡುವು. ತಗಡು ಒಂದು ಮಿಲಿಮೀಟರಿಗೂ ಕೊಂಚ ತೆಳ್ಳಗೆ. ಒಂದೇ ಕಡೆ ಕಾವು ಹೆಚ್ಚಾದರೆ ಬಿಸಿಲಿಗಿಟ್ಟ ಹಪ್ಪಳದಂತೆ ಸೊಟ್ಟಾಗುತ್ತದೆ. ಚುಕ್ಕೆಗಳೆಲ್ಲ ಕೂಡಿ ಗೆರೆಯಾದ ಮೇಲೆ ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಸಂದಿಗೆ ಸೀಲರ್ ತುಂಬಿ, ಬಾಗಿಲ ತೂತುಗಳನ್ನು ತೆರೆದು, ಒಳಗಿನ ಪೊಳ್ಳುಗಳಿಗೆ ಮೇಣದಂಥ ದ್ರವ ಹೊಡೆದರು. ಪುಟ್ಟಿಯನ್ನು ಅವರೂ ಹಾಕಿದರು. ಅದು ಪೌಡರಿನಷ್ಟು ತೆಳ್ಳಗೆ, ಕಣ್ಣಿಗೆ ಕಾಣದ ಏರುತಗ್ಗು ಮುಚ್ಚುವುದಕ್ಕೆ ಮಾತ್ರ. ತಪ್ಪು ಪುಟ್ಟಿಯದಲ್ಲ, ತಗಡಿನ ಕೆಲಸವನ್ನು ಪುಟ್ಟಿಗೆ ಒಪ್ಪಿಸಿದವರದು.

ಆ ತಪ್ಪಿನಲ್ಲಿ ನಮ್ಮ ಪಾಲೂ ಇದೆ ಎನ್ನದಿದ್ದರೆ ಈ ವಿಮರ್ಶೆ ನ್ಯಾಯವಾಗದು. ಎಂಟು ದಿನದಲ್ಲಿ ಬೇಕು, ಕಡಿಮೆಯಲ್ಲಿ ಆಗಬೇಕು, ಮದುವೆಗೆ ಮಿಂಚಬೇಕು ಎಂದವರು ನಾವು. ಗ್ಯಾರೇಜಿನವನು ಕೇಳಿದ್ದನ್ನು ಕೊಟ್ಟ. ಅವನ ತಪ್ಪು ಕೆಳಗೆ ತಗಡಿಲ್ಲ ಎಂಬ ಮಾತನ್ನು ಹೇಳದೇ ಹೋದದ್ದು. ನಮ್ಮ ತಪ್ಪು ಕೇಳದೇ ಹೋದದ್ದು. ಎಷ್ಟೋ ಮನೆಗಳಲ್ಲಿ ಮದುವೆಗೆ ಮುಂಚೆ ಗೋಡೆಗೆ ಸುಣ್ಣ ಬಳಿಯುತ್ತಾರೆ, ಸೋರುವ ತಾರಸಿಯನ್ನು ನೋಡುವುದಿಲ್ಲ.

ಇನ್ನು ಮೇಸ್ತ್ರಿಯ ಕೆಲಸದಲ್ಲಿ ದೋಷವಿಲ್ಲವೇ? ಇದೆ. ಗಣಿಯ ದಪ್ಪ ಕಬ್ಬಿಣಕ್ಕೆ ಪಳಗಿದ ಕೈ ಅದು. ಹಿಂದಿನ ಚಕ್ರದ ಒಳಭಾಗಕ್ಕೆ ಮೂಲಕ್ಕಿಂತ ದಪ್ಪ ತಗಡು ಹಾಕಿದರು. ದಪ್ಪದ ಜೊತೆ ತೆಳುವನ್ನು ಬೆಸೆದಾಗ ಸೊಟ್ಟಾಗುವುದು ತೆಳುವೇ. ಸಂಜೆಯ ಓರೆಬಿಸಿಲಿನಲ್ಲಿ ಅಲ್ಲಿ ಒಂದು ಸಣ್ಣ ಅಲೆ ಕಾಣುತ್ತದೆ. ಜೊತೆಗೆ, ಯಾವುದು ಹಳೆಯದು ಯಾವುದು ಹೊಸದು ಎಂಬುದಕ್ಕೆ ಅವರು ಒಂದು ಚೀಟಿಯನ್ನೂ ಬರೆದಿಡಲಿಲ್ಲ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ ಒಪ್ಪಿಕೊಂಡಿರುವ ಟ್ಯೂರಿನ್ ಸನ್ನದು ಮೂಲವನ್ನು ಆದಷ್ಟೂ ಉಳಿಸಿಕೊಳ್ಳಿ, ಬದಲಿಸಿದ್ದನ್ನು ದಾಖಲಿಸಿ ಎನ್ನುತ್ತದೆ. ಮೊಬೈಲಿನಲ್ಲಿ ನಾನು ತೆಗೆದ ಕೆಲವು ಫೋಟೋಗಳೇ ಈಗ ಈ ಗಾಡಿಯ ದಾಖಲೆ.

ಈಗ ನಿಜವಾದ ಜಗಳಕ್ಕೆ ಬರುತ್ತೇನೆ. ಹಿಂದಿನ ಎಡ ಮಡ್‌ಗಾರ್ಡಿನ ಮೇಲಿಂದ ಪುಟ್ಟಿ ಕೆರೆದಾಗ ಬೆರಳು ದಪ್ಪದ ಚಕ್ಕೆಗಳು ಉದುರಿದವು. ಕೆಳಗೆ ತುಕ್ಕು ಮೇಲ್ಮೇಲೆ ಮಾತ್ರ, ತಗಡು ಗಟ್ಟಿ. ಆದರೆ ಊಟದ ತಟ್ಟೆಯಷ್ಟು ಅಗಲದ ಒಂದು ತಗ್ಗು. ಕಾಫಿ ತಂದ ಅಮ್ಮ ಅದನ್ನು ನೋಡಿ ಹಾಗೇ ನಿಂತರು.

“ಇದು ನಂದು,” ಎಂದರು.

1981ರಲ್ಲಿ ಅಪ್ಪ ಅಮ್ಮನಿಗೆ ಡ್ರೈವಿಂಗ್ ಕಲಿಸಿದ್ದರು. ನಾವಿದ್ದ ಸಾಲಿನ ಹೆಂಗಸರಲ್ಲಿ ಸ್ಟಿಯರಿಂಗ್ ಹಿಡಿದವರು ಅಮ್ಮ ಒಬ್ಬರೇ. ರಿವರ್ಸ್ ತೆಗೆಯುವಾಗ ಕ್ವಾರ್ಟರ್ಸಿನ ಕಾಂಪೌಂಡಿಗೆ ತಾಗಿಸಿದರು. ನೋಡಲು ಇಡೀ ಸಾಲೇ ಹೊರಗೆ ಬಂತಂತೆ. ಅಪ್ಪ ಬೈಯಲಿಲ್ಲ, ತಗ್ಗನ್ನು ತೆಗೆಸಲೂ ಇಲ್ಲ. ಅಮ್ಮ ಮಾರನೆಯ ದಿನವೂ ಓಡಿಸಿದರು. ನನ್ನನ್ನು ಬಂಗಾರಪೇಟೆ ಸ್ಟೇಷನ್ನಿಗೆ ಬಿಟ್ಟು ಬರುವಷ್ಟು ಕಲಿತರು. 2014ರಲ್ಲಿ ಆ ತಗ್ಗಿಗೆ ಪುಟ್ಟಿ ತುಂಬುವಾಗ ಅಮ್ಮನನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ತಮ್ಮನಿಗೆ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸುವ ಆಸೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ 50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿಸಿಕೊಂಡ, ದೊಡ್ಡ ಬದಲಾವಣೆ ಕಾಣದ ಗಾಡಿಗೆ ಆ ಮನ್ನಣೆಯುಂಟು. “ಮೂಲರೂಪ ಅಂದ್ರೆ ಕಂಪನಿಯಿಂದ ಬಂದ ಹಾಗೆ ಇರಬೇಕಕ್ಕಾ. ಇದನ್ನ ಬಡಿಸಿ ನೇರ ಮಾಡಿಸ್ಬೇಕು,” ಎಂದ. ಅವನ ಮಾತಿನಲ್ಲೂ ಹುರುಳಿದೆ. ಆದರೆ ಕುರ್ಲಾದಿಂದ ಹೊರಟ ದಿನ ಈ ಗಾಡಿಗೆ ಚರಿತ್ರೆಯೇ ಇರಲಿಲ್ಲ. ಐವತ್ತು ವರ್ಷಕ್ಕೆ ಮರ್ಯಾದೆ ಕೊಡುತ್ತೇವೆಂದು ಆ ಐವತ್ತು ವರ್ಷದ ಗುರುತನ್ನೇ ಅಳಿಸುವುದು ಎಂಥ ಮರ್ಯಾದೆ?

ಮೇಸ್ತ್ರಿಯನ್ನು ಕೇಳಿದೆವು. ಒಳಗೆ ಡಾಲಿ ಕಬ್ಬಿಣ ಹಿಡಿದು ಹೊರಗಿನಿಂದ ಸುತ್ತಿಗೆಯಲ್ಲಿ ತಟ್ಟಿದರೆ ಎರಡು ದಿನದಲ್ಲಿ ನೇರವಾಗುತ್ತದೆ, ಬಿಟ್ಟರೂ ಗಾಡಿಗೆ ನಷ್ಟವಿಲ್ಲ ಎಂದರು. “ತುಕ್ಕು ಬಿಟ್ಟರೆ ತಿನ್ನುತ್ತೆ. ಇದು ತಿನ್ನಲ್ಲ. ದೊಡ್ಡಮ್ಮ ಏನಂತಾರೋ ಕೇಳಿ.”

ಅಮ್ಮ ಸೆರಗಿನಿಂದ ಆ ತಗ್ಗನ್ನು ಒರೆಸಿದರು. “ತುಕ್ಕು ತೆಗೆದು ಬಣ್ಣ ಹಚ್ಚಪ್ಪಾ. ಹಳ್ಳ ಇರ್ಲಿ ಬಿಡು,” ಎಂದರು. ತಮ್ಮ ಮರುಮಾತಾಡಲಿಲ್ಲ.

ರಿಪೇರಿಯನ್ನು ಅಳೆಯಲು ನನಗೆ ಸಿಕ್ಕ ಕೋಲು ಇಷ್ಟೇ. ಬಿಟ್ಟರೆ ತಿನ್ನುತ್ತಾ ಹೋಗುವುದನ್ನು ಎಷ್ಟು ಖರ್ಚಾದರೂ ಬೇರುಸಹಿತ ಕತ್ತರಿಸಬೇಕು. ಬಿಟ್ಟರೂ ಕೇಡಿಲ್ಲದ್ದನ್ನು ಅಳಿಸುವ ಮುನ್ನ ಅದು ಯಾರದೆಂದು ಕೇಳಬೇಕು. ಇವೆರಡನ್ನು ಅದಲುಬದಲು ಮಾಡಿಕೊಂಡದ್ದೇ 2014ರ ರಿಪೇರಿ. ತುಕ್ಕನ್ನು ಒಳಗಿಟ್ಟು ಅಮ್ಮನ ಗುರುತನ್ನು ಮುಚ್ಚಿದೆವು. ಮನೆಯಲ್ಲೂ ಎಷ್ಟೋ ಸಲ ಹೀಗೇ ಮಾಡುತ್ತೇವಲ್ಲ?

ನಮ್ಮೂರಿನ ಮಣ್ಣಿನಿಂದ ನೂರಿಪ್ಪತ್ತು ವರ್ಷ ತೆಗೆದ ಚಿನ್ನಕ್ಕೆ ತುಕ್ಕಿಲ್ಲ. ಅದನ್ನು ತೆಗೆದ ಕಬ್ಬಿಣ ಮಾತ್ರ ಷಾಫ್ಟುಗಳ ಮೇಲೆ ನಿಂತು ಕೆಂಪಾಗುತ್ತಿದೆ. ರೈಲಿನ ಕಿಟಕಿಯಿಂದ ಅದನ್ನು ನೋಡುವಾಗೆಲ್ಲ ಮೇಸ್ತ್ರಿಯ ಸುತ್ತಿಗೆಯ ಸದ್ದು ನೆನಪಾಗುತ್ತದೆ. ಎಲ್ಲಿ ಠಣ್ ಎನ್ನುತ್ತದೆ, ಎಲ್ಲಿ ದಬ್ ಎನ್ನುತ್ತದೆ ಎಂದು ತಟ್ಟಿ ನೋಡುವ ಕೈಗಳು ನಮ್ಮೂರಿನಲ್ಲಿ ಇನ್ನೂ ಒಂದಿಷ್ಟಿವೆ.

ಮೂರೂವರೆ ತಿಂಗಳಾದ ಮೇಲೆ ಗಾಡಿ ಮನೆಗೆ ಬಂತು. ನಾನು ಮತ್ತೆ ಬಿಲ್ಲೆ ತೆಗೆದುಕೊಂಡು ಹೋದೆ. ಹೊಸ್ತಿಲಿನಲ್ಲಿ ನಿಂತಿತು, ಬಾಗಿಲಿನಲ್ಲೂ ನಿಂತಿತು. ಅಮ್ಮ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ತಮ್ಮ ಹಳ್ಳದ ನಡುವೆ ಇಟ್ಟರು. ಅಲ್ಲೂ ನಿಂತಿತು. ಬಂಗಾರಪೇಟೆಗೆ ಹೊರಡುವಾಗ ಅದನ್ನು ವಾಪಸು ಕೇಳಲು ಮನಸ್ಸಾಗಲಿಲ್ಲ. ನಮ್ಮ ಹಾಲಿನ ಲೆಕ್ಕ ಈಗ ಒಂದು ಬಟ್ಟೆ ಕ್ಲಿಪ್ಪಿನಲ್ಲಿ ನೇತಾಡುತ್ತಿದೆ.