ಹೊರಗಿನ ಡಿಸ್ಕು: ಒಂದು ಪದ್ಧತಿಯ ವಿಮರ್ಶೆ

ಕಂಪ್ಯೂಟರನ್ನು ಕೊಳ್ಳುವಾಗ ಅದರ ಒಳಗಿನ ಸಂಗ್ರಹಸ್ಥಳಕ್ಕೆ ತಯಾರಕರು ಕೇಳುವ ಅಧಿಕ ಮೌಲ್ಯವನ್ನು ತೆರದೆ, ಇದ್ದುದರಲ್ಲಿ ಚಿಕ್ಕದನ್ನೇ ಮನೆಗೆ ತಂದು, ಅದರಲ್ಲಿ ಹಿಡಿಸದ ಸಾಮಗ್ರಿಯನ್ನೆಲ್ಲ ಕೇಬಲ್ಲಿನ ತುದಿಯ ಹಾರ್ಡ್ ಡಿಸ್ಕಿನಲ್ಲಿಯೋ ಎಸ್‌ಎಸ್‌ಡಿಯಲ್ಲಿಯೋ ತುಂಬಿಡುವ ಪದ್ಧತಿಯು ಈಗ ಮಹಾನಗರಗಳಿಗೆ ಸೀಮಿತವಾಗಿ ಉಳಿದಿಲ್ಲ. ಕುಂದಾಪುರದಿಂದ ಬೈಂದೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 66ರ ಮಗ್ಗುಲಿನಲ್ಲಿ, ಮಡಿಕಲ್ಲಿನ ಕಡಲತೀರವನ್ನೂ ದುರ್ಗಾಪರಮೇಶ್ವರಿಯ ದೇವಸ್ಥಾನವನ್ನೂ ತನ್ನ ಎಲ್ಲೆಯೊಳಗೆ ಇರಿಸಿಕೊಂಡಿರುವ ಉಪ್ಪುಂದದಂಥ ಊರಿನಲ್ಲಿಯೂ, ಮದುವೆ ಉಪನಯನಗಳ ಚಿತ್ರ ತೆಗೆಯುವ ಸ್ಟುಡಿಯೋದವರು, ಬಯಲಾಟವನ್ನು ಇಡೀ ರಾತ್ರಿ ಚಿತ್ರೀಕರಿಸುವ ಯಕ್ಷಗಾನದ ಅಭಿಮಾನಿಗಳು, ಮಕ್ಕಳ ಭಾವಚಿತ್ರಗಳನ್ನು ಕೂಡಿಡುವ ಗೃಹಸ್ಥರು, ಎಲ್ಲರೂ ಈ ಮಾರ್ಗವನ್ನೇ ಹಿಡಿದಿದ್ದಾರೆ. ಹೀಗೆ ಜನಸಾಮಾನ್ಯರ ಆಚಾರದಲ್ಲಿ ಬೇರೂರಿದ ಪದ್ಧತಿಯೊಂದನ್ನು ಅಗ್ಗವೆಂಬ ಒಂದೇ ಕಾರಣದಿಂದ ಹೊಗಳುವುದೂ, ನೆಚ್ಚತಕ್ಕದ್ದಲ್ಲವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದೂ ನ್ಯಾಯವಲ್ಲ. ಈ ಪದ್ಧತಿ ತತ್ತ್ವತಃ ಸಾಧುವಾದುದು. ಆದರೆ ನಮ್ಮಲ್ಲಿ ಅದನ್ನು ಅರ್ಧಕ್ಕೇ ನಿಲ್ಲಿಸಲಾಗಿದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಬೆಲೆಯ ವಿಚಾರ. 2024ರ ಕೊನೆಯಲ್ಲಿ ಆಪಲ್ ಸಂಸ್ಥೆಯು ಎಂ4 ಚಿಪ್ಪಿನ ಮ್ಯಾಕ್ ಮಿನಿಯನ್ನು ಭಾರತದಲ್ಲಿ ಮಾರಾಟಕ್ಕಿಟ್ಟಾಗ, 256 ಜಿಬಿ ಸಂಗ್ರಹವುಳ್ಳ ಯಂತ್ರಕ್ಕೆ 59,900 ರೂಪಾಯಿಗಳನ್ನೂ, ಉಳಿದೆಲ್ಲ ವಿಷಯಗಳಲ್ಲಿ ಸಮಾನವಾಗಿದ್ದು 512 ಜಿಬಿ ಸಂಗ್ರಹವನ್ನು ಪಡೆದ ಯಂತ್ರಕ್ಕೆ 79,900 ರೂಪಾಯಿಗಳನ್ನೂ ನಿಗದಿಪಡಿಸಿತು. ಎಂದರೆ ಹೆಚ್ಚಿನ 256 ಜಿಬಿಗೆ 20,000 ರೂಪಾಯಿ. ಜಿಬಿಯೊಂದಕ್ಕೆ ಸುಮಾರು 78 ರೂಪಾಯಿ. ಅದೇ ಕಾಲದಲ್ಲಿ ಒಳ್ಳೆಯ ಹೆಸರುಳ್ಳ ಕಂಪೆನಿಗಳ ಒಂದು ಟಿಬಿಯ, ಅಂದರೆ ಅದರ ನಾಲ್ಮಡಿಯಷ್ಟು ಸ್ಥಳಾವಕಾಶದ, ಹೊರಗಿನ ಎಸ್‌ಎಸ್‌ಡಿಯು ಹತ್ತು ಸಾವಿರದ ಒಳಗೆ ದೊರೆಯುತ್ತಿತ್ತು; ತಿರುಗುವ ತಟ್ಟೆಗಳ ಹಳೆಯ ಬಗೆಯ ಹಾರ್ಡ್ ಡಿಸ್ಕಾದರೆ ಎರಡು ಟಿಬಿಗೆ ಆರೇಳು ಸಾವಿರ ಸಾಕಾಗಿತ್ತು. ಒಳಗಿನ ಸಂಗ್ರಹವು ಹೆಚ್ಚು ವೇಗವುಳ್ಳದ್ದು ಎಂಬುದನ್ನು ಒಪ್ಪಿಕೊಂಡರೂ, ಏಳೆಂಟು ಪಟ್ಟು ಬೆಲೆಯ ಅಂತರಕ್ಕೆ ಆ ವೇಗವೊಂದೇ ಸಮರ್ಥನೆಯಾಗಲಾರದು. ಕೊಂಡ ಬಳಿಕ ಗ್ರಾಹಕನು ಸುಲಭವಾಗಿ ಹೆಚ್ಚಿಸಿಕೊಳ್ಳಲಾರದಂತೆ ರಚಿಸಿದ ವಸ್ತುವಿಗೆ, ಕೊಳ್ಳುವ ಆ ಒಂದು ಗಳಿಗೆಯಲ್ಲಿ ವಿಧಿಸುವ ಬೆಲೆ ಇದು; ಇದನ್ನು ತೆರಲೊಲ್ಲೆನೆಂದವನ ನಿರ್ಧಾರದಲ್ಲಿ ಜಿಪುಣತನವನ್ನು ಕಾಣುವುದು ತಪ್ಪು. ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿ ಎಷ್ಟೋ ಮಾದರಿಗಳ ಒಳಡಿಸ್ಕನ್ನು ದುರಸ್ತಿಯ ಅಂಗಡಿಯಲ್ಲಿ ಬಿಚ್ಚಿಸಿ ದೊಡ್ಡದನ್ನು ಕೂಡಿಸಬಹುದಾಗಿದ್ದು, ಹಾಗೆ ಸಾಧ್ಯವಿದ್ದವರು ಅದನ್ನೇ ಮೊದಲು ಮಾಡತಕ್ಕದ್ದು.

ಯಂತ್ರದಿಂದ ಬೇರ್ಪಡಿಸಬಹುದಾದ ಸಂಗ್ರಹವೆಂಬುದು ಬಡವನು ಕಂಡುಕೊಂಡ ಅಡ್ಡದಾರಿಯೆಂದು ಯಾರೂ ಭಾವಿಸಬೇಕಾಗಿಲ್ಲ. 1962ರಲ್ಲಿಯೇ ಐಬಿಎಂ ಸಂಸ್ಥೆಯು ತನ್ನ 1311 ಎಂಬ ಡಿಸ್ಕ್ ಯಂತ್ರದಲ್ಲಿ, ಎರಡು ದಶಲಕ್ಷ ಅಕ್ಷರಗಳನ್ನು ಹಿಡಿಯುವ ತಟ್ಟೆಗಳ ಕಟ್ಟನ್ನು ಎತ್ತಿ ತೆಗೆದು, ಇನ್ನೊಂದನ್ನು ಕೂಡಿಸುವ ಅನುಕೂಲವನ್ನು ಕಲ್ಪಿಸಿತ್ತು. ದುಡಿಯುವ ಸ್ಥಳವು ಕೂಡಿಡುವ ಸ್ಥಳದಿಂದ ಪ್ರತ್ಯೇಕವಾಗಿರಬಹುದೆಂಬ ಈ ವಿವೇಕವು ನಮ್ಮ ಸೀಮೆಯ ಒಕ್ಕಲುತನಕ್ಕೆ ಬಹಳ ಹಿಂದಿನಿಂದಲೂ ಪರಿಚಿತವಾದುದೇ ಆಗಿದೆ. ಬೆಳೆದ ಭತ್ತವನ್ನೆಲ್ಲ ಮನೆಯೊಳಗೆ ತುಂಬಿಕೊಳ್ಳದೆ, ಹುಲ್ಲಿನ ಹಗ್ಗವನ್ನು ಸುತ್ತಿಸುತ್ತಿ ಅಂಗಳದಲ್ಲಿ ತಿರಿ ಕಟ್ಟಿ ವರ್ಷದ ಕಾಳನ್ನು ಕಾಯ್ದಿರಿಸುತ್ತಿದ್ದ ಹಿರಿಯರು, ಮನೆಯ ವಿಸ್ತಾರಕ್ಕೂ ಬೆಳೆಯ ಪ್ರಮಾಣಕ್ಕೂ ನಿತ್ಯಸಂಬಂಧವಿರಬೇಕಾಗಿಲ್ಲವೆಂಬುದನ್ನು ಅರಿತಿದ್ದರು. ಆದರೆ ಅದೇ ಹಿರಿಯರು ಬಿತ್ತನೆಯ ಬೀಜವನ್ನು ಮಾತ್ರ ಬೇರೆ ಮುಡಿ ಕಟ್ಟಿ ಮನೆಯೊಳಗೆ ಇಡುತ್ತಿದ್ದರು. ಈ ಎರಡನೆಯ ಎಚ್ಚರವನ್ನು ನಾವು ಡಿಸ್ಕಿನ ವಿಷಯದಲ್ಲಿ ಮರೆತಿದ್ದೇವೆ. ಆ ಮಾತನ್ನು ಮುಂದೆ ವಿಸ್ತರಿಸುತ್ತೇನೆ.

ಈ ಊರುಗಳಲ್ಲಿ ಸಂಗ್ರಹದ ಬೇಡಿಕೆಯು ಎಷ್ಟರದೆಂಬುದನ್ನು ತಿಳಿಯಲು ಬಯಲಾಟವೊಂದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಸಾಕು. ದೀಪಾವಳಿಯ ಬಳಿಕ ತಿರುಗಾಟಕ್ಕೆ ಹೊರಟ ಮೇಳಗಳು ಮುಂಗಾರು ಹತ್ತಿರವಾಗುವವರೆಗೂ ಊರೂರುಗಳಲ್ಲಿ ಆಟವಾಡುತ್ತವೆ. ಮಂದಾರ್ತಿ, ಮಾರಣಕಟ್ಟೆ ಮೊದಲಾದ ಕ್ಷೇತ್ರಗಳ ಮೇಳಗಳ ಹರಕೆಯಾಟಗಳು ಗದ್ದೆಬಯಲುಗಳಲ್ಲಿ ನಡೆಯುತ್ತವೆ. ಈಚಿನ ಕ್ಯಾಮೆರಾಗಳಲ್ಲಿ 4ಕೆ ದರ್ಜೆಯ ಚಿತ್ರಣವು ಸೆಕೆಂಡಿಗೆ 100 ಮೆಗಾಬಿಟ್ಟಿನ ಪ್ರಮಾಣದಲ್ಲಿ ನಡೆಯುವುದು ಸಾಮಾನ್ಯ. ಅದರಂತೆ ಒಂದು ಗಂಟೆಗೆ 45 ಜಿಬಿಯೂ, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗಿನ ಎಂಟು ಗಂಟೆಗಳ ಆಟಕ್ಕೆ 360 ಜಿಬಿಯೂ ಆಗುತ್ತದೆ. ಕಾರ್ಯಾಚರಣೆಯ ತಂತ್ರಾಂಶವೇ ಒಂದಷ್ಟು ಸ್ಥಳವನ್ನು ನುಂಗಿರುವ 256 ಜಿಬಿಯ ಯಂತ್ರದಲ್ಲಿ ಹೀಗೆ ಒಂದೇ ಒಂದು ಪ್ರಸಂಗವೂ ಪೂರ್ತಿಯಾಗಿ ಹಿಡಿಸದು. ಇಪ್ಪತ್ತು ಸಾವಿರ ಹೆಚ್ಚು ತೆತ್ತು 512 ಜಿಬಿಯದನ್ನು ಕೊಂಡವನಿಗೆ ಎರಡನೆಯ ರಾತ್ರಿಯ ಆಟಕ್ಕೆ ಸ್ಥಳವಿರದು. ಎರಡು ಕ್ಯಾಮೆರಾಗಳನ್ನಿಟ್ಟು ಮದುವೆಯನ್ನು ಚಿತ್ರಿಸುವ ಸ್ಟುಡಿಯೋದವನ ಅವಸ್ಥೆಯೂ ಇದಕ್ಕಿಂತ ಭಿನ್ನವಲ್ಲ. ಮುಹೂರ್ತಗಳು ಒತ್ತೊತ್ತಾಗಿ ಬರುವ ವೈಶಾಖದಲ್ಲಿ ಒಂದು ವಾರದ ದುಡಿಮೆಯನ್ನು ಒಳಡಿಸ್ಕಿನಲ್ಲಿ ಇರಿಸಿಕೊಳ್ಳಬೇಕಾದರೆ ಅವನು ಯಂತ್ರಕ್ಕೆ ತೆರಬೇಕಾದ ಬೆಲೆಯು ಕ್ಯಾಮೆರಾದ ಬೆಲೆಯನ್ನು ಮೀರಲೂಬಹುದು. ಆದುದರಿಂದ ಇಂಥವರ ಪಾಲಿಗೆ ಹೊರಗಿನ ಡಿಸ್ಕು ವೃತ್ತಿಯನ್ನು ನಡೆಸುವುದಕ್ಕೆ ಬೇಕಾದ ಮೂಲಸಾಧನ.

ವೇಗದ ವಿಷಯದಲ್ಲಿ ಕೇಳಿಬರುವ ಆಕ್ಷೇಪಣೆಗಳಲ್ಲಿ ಬಹುಭಾಗವು ಡಿಸ್ಕಿಗಿಂತ ಅದನ್ನು ಜೋಡಿಸುವ ಕೇಬಲ್ಲಿಗೂ ಪೋರ್ಟಿಗೂ ಸಲ್ಲತಕ್ಕದ್ದು. ಮೇಲೆ ಹೇಳಿದ 360 ಜಿಬಿಯನ್ನು ಹಳೆಯ ಯುಎಸ್‌ಬಿ 2.0 ಮಾರ್ಗದಲ್ಲಿ ಸಾಗಿಸಲು ಮೂರು ಗಂಟೆಗಳ ಸಮೀಪ ಹಿಡಿಯುತ್ತದೆ. 2008ರಲ್ಲಿ ರೂಪುಗೊಂಡ ಯುಎಸ್‌ಬಿ 3.0 ಮಾರ್ಗದಲ್ಲಿ ಸಾಮಾನ್ಯ ಹಾರ್ಡ್ ಡಿಸ್ಕಿಗೆ ಒಂದು ಗಂಟೆ. ಸೆಕೆಂಡಿಗೆ 10 ಗಿಗಾಬಿಟ್ಟಿನ ಮಾರ್ಗದಲ್ಲಿ ಒಳ್ಳೆಯ ಎಸ್‌ಎಸ್‌ಡಿಗೆ ಏಳೆಂಟು ನಿಮಿಷ. ಎಸ್‌ಎಸ್‌ಡಿಯನ್ನು ಕೊಂಡು, ಮನೆಯಲ್ಲಿ ಬಿದ್ದಿದ್ದ ಫೋನಿನ ಚಾರ್ಜಿಂಗ್ ಕೇಬಲ್ಲಿನಿಂದ ಅದನ್ನು ಜೋಡಿಸಿ, ಹೊರಗಿನ ಡಿಸ್ಕೆಂದರೆ ಇಷ್ಟೇ ಎಂದು ಬೇಸರಪಡುವವರು ಅನೇಕರಿದ್ದಾರೆ. ಆ ಕೇಬಲ್ಲುಗಳಲ್ಲಿ ಹಲವು ಯುಎಸ್‌ಬಿ 2.0ರ ವೇಗವನ್ನು ಮೀರಲಾರವೆಂಬುದನ್ನು ಅಂಗಡಿಯವರಾದರೂ ಅವರಿಗೆ ತಿಳಿಸಬೇಕಾಗಿತ್ತು. ಚಿತ್ರಗಳನ್ನು ಕತ್ತರಿಸಿ ಜೋಡಿಸುವ ಕೆಲಸವನ್ನು ನೇರವಾಗಿ ಹೊರಗಿನ ಎಸ್‌ಎಸ್‌ಡಿಯ ಮೇಲೆಯೇ ನಡೆಸಬಹುದು. ತಿರುಗುವ ಡಿಸ್ಕಿನ ಮೇಲೆ ಅದು ಪ್ರಯಾಸದ ಕೆಲಸ, ಆದರೆ ಮುಗಿದ ಕೆಲಸವನ್ನು ಶೇಖರಿಸಿಡಲು ಅದಕ್ಕಿಂತ ಮಿತವ್ಯಯದ ಸಾಧನ ಬೇರಿಲ್ಲ.

ಇಷ್ಟಾದರೂ ಒಳಗಿನ ಸಂಗ್ರಹವನ್ನು ಸಂಪೂರ್ಣವಾಗಿ ಉಪೇಕ್ಷಿಸಬಹುದೆಂದು ಇದರ ಅರ್ಥವಲ್ಲ. ಕಾರ್ಯಾಚರಣೆಯ ತಂತ್ರಾಂಶಕ್ಕೂ, ಅದರ ಕಾಲಕಾಲದ ಪರಿಷ್ಕರಣೆಗಳಿಗೂ, ನೆನಪಿನ ಕೋಶವು ಸಾಲದಾದಾಗ ಯಂತ್ರವು ಡಿಸ್ಕಿನಿಂದ ಕಡ ಪಡೆಯುವ ಜಾಗಕ್ಕೂ ಒಳಗೆ ಸಾಕಷ್ಟು ಬಿಡುವು ಇರಲೇಬೇಕು. ಆಪಲ್ಲಿನ ಈಗಿನ ಯಂತ್ರಗಳಲ್ಲಿ ಹೊರಗಿನ ಡಿಸ್ಕಿನಿಂದ ಯಂತ್ರವನ್ನು ಆರಂಭಿಸುವ ಅವಕಾಶವಿದ್ದರೂ, ಒಳಡಿಸ್ಕು ಕೆಟ್ಟಿತೆಂದರೆ ಯಂತ್ರವೇ ಏಳದು. ಆದ್ದರಿಂದ 128 ಜಿಬಿಯ ಲ್ಯಾಪ್‌ಟಾಪನ್ನು ಕೊಂಡು ಉಳಿದುದನ್ನೆಲ್ಲ ಹೊರಗೆ ಇಡುವೆನೆಂಬುದು ಮಿತಿಮೀರಿದ ಮಿತವ್ಯಯ. ಪತ್ರವ್ಯವಹಾರ, ಲೆಕ್ಕಪತ್ರಗಳಷ್ಟೇ ಇರುವವರಿಗೆ 256 ಜಿಬಿ ಸಾಕು; ಚಿತ್ರಗಳ ಕೆಲಸವನ್ನೇ ಜೀವನೋಪಾಯ ಮಾಡಿಕೊಂಡವನು ಒಳಗೆ 512 ಜಿಬಿಯನ್ನು ಇಟ್ಟುಕೊಂಡು, ಅಲ್ಲಿಂದಾಚೆಗೆ ಹೊರಗಿನ ಡಿಸ್ಕನ್ನು ನೆಚ್ಚುವುದು ಯುಕ್ತವೆಂದು ತೋರುತ್ತದೆ.

ಈಗ ನಮ್ಮ ಕಡಲತಡಿಗೆ ವಿಶೇಷವಾಗಿ ಅನ್ವಯಿಸುವ ವಿಚಾರಕ್ಕೆ ಬರೋಣ. ಡಿಸ್ಕುಗಳ ಗುಣದೋಷಗಳನ್ನು ಕುರಿತ ಬರಹಗಳೆಲ್ಲ ಹೆಚ್ಚಾಗಿ ಒಣಹವೆಯ, ತಂಪಾದ ಕೋಣೆಗಳಲ್ಲಿ ಕುಳಿತವರವು. ಜೂನ್ ತಿಂಗಳಲ್ಲಿ ಹಿಡಿದ ಮಳೆಯು ಸೆಪ್ಟೆಂಬರಿನವರೆಗೂ ಬಿಡದೆ, ಬೀರುವಿನ ಬಟ್ಟೆಯೂ ಕಪಾಟಿನ ಪುಸ್ತಕವೂ ಬೂಷ್ಟು ಹಿಡಿಯುವ ಉಪ್ಪುಂದ, ನಾವುಂದ, ಮರವಂತೆಗಳ ಮನೆಗಳಲ್ಲಿ, ಗಾಳಿಯೊಡನೆ ಬರುವ ಉಪ್ಪಿನಂಶವು ಕಿಟಕಿಯ ಸರಳುಗಳನ್ನು ತಿನ್ನುವಂತೆ ಡಿಸ್ಕಿನ ಪೋರ್ಟಿನ ಲೋಹವನ್ನೂ ತಿನ್ನುತ್ತದೆ. ತಿರುಗುವ ಹಾರ್ಡ್ ಡಿಸ್ಕುಗಳಲ್ಲಿ ಬಹುಪಾಲಿನವು ಪೂರ್ಣವಾಗಿ ಮುಚ್ಚಿದ ಪೆಟ್ಟಿಗೆಗಳಲ್ಲ; ಒಳಹೊರಗಿನ ಗಾಳಿಯ ಒತ್ತಡವು ಸಮವಾಗಲೆಂದು ಅವುಗಳಿಗೆ ಸೋಸುಕವುಳ್ಳ ಸಣ್ಣ ರಂಧ್ರವೊಂದಿರುತ್ತದೆ. ಧೂಳನ್ನು ತಡೆಯುವ ಆ ಸೋಸುಕಕ್ಕೆ ತೇವವನ್ನು ತಡೆಯುವ ಶಕ್ತಿ ಅಷ್ಟಾಗಿಲ್ಲ. ಎಸ್‌ಎಸ್‌ಡಿಗೆ ಈ ತೊಂದರೆ ಕಡಿಮೆ. ಆದರೆ ಅದಕ್ಕೆ ಬೇರೊಂದು ದೌರ್ಬಲ್ಯವಿದೆ. ಅದು ಮಾಹಿತಿಯನ್ನು ವಿದ್ಯುದಂಶದ ರೂಪದಲ್ಲಿ ಹಿಡಿದಿಡುವುದರಿಂದ, ವಿದ್ಯುತ್ತಿನ ಸಂಪರ್ಕವಿಲ್ಲದೆ ಬಹುಕಾಲ ಬಿದ್ದಿದ್ದರೆ ಆ ಅಂಶವು ಮೆಲ್ಲಮೆಲ್ಲನೆ ಸೋರಿಹೋಗುತ್ತದೆ. ಸಾಮಾನ್ಯ ಬಳಕೆಯ ಎಸ್‌ಎಸ್‌ಡಿಯು ತನ್ನ ಬರಹದ ಆಯುಸ್ಸನ್ನು ಪೂರ್ತಿ ಸವೆಸಿದ ಮೇಲೂ 30 ಡಿಗ್ರಿ ಉಷ್ಣತೆಯಲ್ಲಿ ಒಂದು ವರ್ಷ ಮಾಹಿತಿಯನ್ನು ಉಳಿಸಿಕೊಳ್ಳಬೇಕೆಂಬುದು ಜೆಡೆಕ್ ಎಂಬ ಉದ್ಯಮಸಂಸ್ಥೆಯ ಮಾನದಂಡ. ಹೊಸ ಡಿಸ್ಕು ಇದಕ್ಕಿಂತ ಬಹಳ ಹೆಚ್ಚು ಕಾಲ ಬಾಳುತ್ತದೆಂಬುದು ನಿಜ. ಆದರೆ ಉಷ್ಣತೆ ಏರಿದಂತೆ ಈ ಅವಧಿಯು ಇಳಿಯುವುದಾದುದರಿಂದ, ಏಪ್ರಿಲ್ ಮೇ ತಿಂಗಳುಗಳಲ್ಲಿ ಹಂಚಿನ ಮಾಡಿನ ಕೆಳಗೆ ಕಾಯುವ ಅಟ್ಟದಲ್ಲಿ ಎಸ್‌ಎಸ್‌ಡಿಯನ್ನು ವರ್ಷಾನುಗಟ್ಟಲೆ ಮರೆತಿಡುವುದು ವಿವೇಕವಲ್ಲ. ಹವೆಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣದೊಡನೆ ಇರಿಸಿ, ಮಳೆಗಾಲದ ಮುನ್ನ ಒಮ್ಮೆ, ಕಳೆದ ಮೇಲೊಮ್ಮೆ ಜೋಡಿಸಿ ತೆರೆದುನೋಡುವ ಅಭ್ಯಾಸವು ಎರಡು ಬಗೆಯ ಡಿಸ್ಕಿಗೂ ಹಿತ. ಮುಂಗಾರಿನ ಮುನ್ನಿನ ಸಿಡಿಲಿಗೆ ಯಂತ್ರದ ಪ್ಲಗ್ಗನ್ನು ಕೀಳುವವರು ಡಿಸ್ಕಿನ ಕೇಬಲ್ಲನ್ನೂ ಕೀಳುವುದು ಕ್ಷೇಮ. ಮೇಜಿನ ಮೇಲಿಡುವ ದೊಡ್ಡ ಹಾರ್ಡ್ ಡಿಸ್ಕುಗಳಿಗೆ ಪ್ರತ್ಯೇಕ ಅಡಾಪ್ಟರು ಬೇಕಾಗಿರುವುದರಿಂದ ಮೆಸ್ಕಾಂ ವಿದ್ಯುತ್ತು ಹೋದ ಕೂಡಲೇ ಅವು ಬರೆಯುತ್ತಿದ್ದಲ್ಲಿಯೇ ನಿಂತುಬಿಡುತ್ತವೆ. ಲ್ಯಾಪ್‌ಟಾಪಿನಿಂದಲೇ ಶಕ್ತಿಯನ್ನು ಪಡೆಯುವ ಅಂಗೈಯಗಲದ ಡಿಸ್ಕು ಈ ಊರುಗಳಿಗೆ ಹೆಚ್ಚು ಒಗ್ಗುತ್ತದೆ.

ಆದರೆ ತೇವ, ಉಪ್ಪು, ಸಿಡಿಲುಗಳೆಲ್ಲ ಸೇರಿದರೂ ಈ ಪದ್ಧತಿಗೆ ಮಾಡಲಾರದ ಅಪಾಯವನ್ನು ಒಂದು ಭ್ರಾಂತಿಯು ಮಾಡುತ್ತಿದೆ. ಅದು ಯಾವುದೆಂದರೆ, ಯಂತ್ರದಿಂದ ತೆಗೆದು ಹೊರಗಿನ ಡಿಸ್ಕಿಗೆ ಹಾಕಿದ ಮಾತ್ರಕ್ಕೆ ವಸ್ತುವು ಸುರಕ್ಷಿತವಾಯಿತೆಂಬುದು. ಒಳಗೆ ಸ್ಥಳ ಮಾಡಿಕೊಳ್ಳಲೋಸುಗ ಮೂಲವನ್ನು ಅಳಿಸಿಹಾಕಿದ ಬಳಿಕ ಹೊರಗಿನ ಡಿಸ್ಕಿನಲ್ಲಿರುವುದು ಏಕೈಕ ಪ್ರತಿ; ಒಂದೇ ಪ್ರತಿಯು ಒಳಗಿದ್ದರೂ ಹೊರಗಿದ್ದರೂ ಅದರ ಅಪಾಯದಲ್ಲಿ ವ್ಯತ್ಯಾಸವಿಲ್ಲ, ಹೊರಗಿರುವುದು ಕೈಜಾರಿ ಬೀಳುವ ಸಂಭವ ಹೆಚ್ಚೆಂಬುದನ್ನು ಬಿಟ್ಟು. 2023ರಲ್ಲಿ ಸ್ಯಾನ್‌ಡಿಸ್ಕ್ ಸಂಸ್ಥೆಯ ಕೆಲವು ಎಕ್ಸ್‌ಟ್ರೀಮ್ ಮಾದರಿಯ ಹೊರಗಿನ ಎಸ್‌ಎಸ್‌ಡಿಗಳು ಯಾವ ಮುನ್ಸೂಚನೆಯೂ ಇಲ್ಲದೆ ನಿಂತುಹೋಗಿ, ಕಂಪೆನಿಯು ಫರ್ಮ್‌ವೇರಿನ ಪರಿಹಾರವನ್ನು ಹೊರಡಿಸಬೇಕಾಗಿ ಬಂದುದು ಪ್ರಸಿದ್ಧವಾಗಿದೆ. ಕೆಟ್ಟ ಡಿಸ್ಕಿನಿಂದ ಮಾಹಿತಿಯನ್ನು ಹೊರತೆಗೆಸುವ ವೆಚ್ಚವು ಹಲವು ವೇಳೆ ಡಿಸ್ಕಿನ ಬೆಲೆಯ ಎಷ್ಟೋ ಪಟ್ಟಾಗುತ್ತದೆ, ತೆತ್ತ ಮೇಲೂ ಫಲದ ಭರವಸೆಯಿಲ್ಲ.

ಪ್ರತಿಗಳು ಹಲವಾಗಿದ್ದರೆ ಆಗುವ ಪ್ರಯೋಜನಕ್ಕೆ ಯಕ್ಷಗಾನದಲ್ಲಿಯೇ ನಿದರ್ಶನವಿದೆ. ಬಡಗುತಿಟ್ಟಿನ ಭಾಗವತಿಕೆಯಲ್ಲಿ ಹೊಸ ಯುಗವನ್ನೇ ತೆರೆದ ಕಾಳಿಂಗ ನಾವಡರು 1990ರಲ್ಲಿ, ಇನ್ನೂ ತಾರುಣ್ಯದಲ್ಲಿರುವಾಗಲೇ, ತೀರಿಕೊಂಡರು. ಅವರ ಕಂಠವನ್ನು ಅವರನ್ನು ಕಾಣದ ತಲೆಮಾರಿನವರೂ ಇಂದು ಕೇಳುತ್ತಿರುವುದಕ್ಕೆ ಕಾರಣವೇನು? ಅವರ ಹಾಡನ್ನು ಹಿಡಿದಿಟ್ಟ ಕ್ಯಾಸೆಟ್ಟೆಂಬುದು ಡಿಸ್ಕಿಗಿಂತ ಬಾಳಿಕೆಯ ವಸ್ತುವಾಗಿತ್ತೆಂದಲ್ಲ. ಅದರ ಟೇಪು ಸಿಕ್ಕಿಕೊಳ್ಳುತ್ತಿತ್ತು, ಬೂಷ್ಟು ಹಿಡಿಯುತ್ತಿತ್ತು, ಸದ್ದು ಮಂಕಾಗುತ್ತಿತ್ತು. ಆದರೆ ಒಂದೇ ಪದ್ಯವು ಅನೇಕ ಮನೆಗಳ ಕಪಾಟುಗಳಲ್ಲಿ, ಹೋಟೆಲುಗಳ ಗಲ್ಲಾಪೆಟ್ಟಿಗೆಯ ಬಳಿಯಲ್ಲಿ ಹರಡಿಕೊಂಡಿತ್ತು. ಹತ್ತು ಕೆಟ್ಟರೆ ಹನ್ನೊಂದನೆಯದು ಉಳಿಯಿತು. ಇಂದು ಅಭಿಮಾನಿಯೊಬ್ಬನು ಅದಕ್ಕಿಂತ ನೂರ್ಮಡಿ ಸ್ಫುಟವಾಗಿ ಸೆರೆಹಿಡಿದ ಆಟವು ಅವನೊಬ್ಬನ ಒಂದೇ ಡಿಸ್ಕಿನಲ್ಲಿದ್ದರೆ, ಆ ಸ್ಫುಟತೆಯಿಂದ ಮುಂದಿನವರಿಗೆ ದಕ್ಕುವುದೇನು? ಪ್ರಸಿದ್ಧ ಕಲಾವಿದರ ದೃಶ್ಯಗಳಾದರೂ ಅಂತರ್ಜಾಲದಲ್ಲಿ ಅಲ್ಲಲ್ಲಿ ತುಂಡಾಗಿ ಉಳಿಯಬಹುದು. ಹಳ್ಳಿಯ ಹರಕೆಯಾಟದಲ್ಲಿ ಹಿಮ್ಮೇಳಕ್ಕೆ ಕುಳಿತ ಅಪ್ರಸಿದ್ಧ ಮದ್ದಳೆಗಾರನ ಕೈಚಳಕಕ್ಕೆ ಬೇರೆ ಸಾಕ್ಷಿಯಿಲ್ಲ. ನನ್ನ ಮನಸ್ಸಿಗೆ ನಿಜವಾದ ವ್ಯಥೆಯನ್ನುಂಟುಮಾಡುವುದು ಇದೇ.

ಆದಕಾರಣ ಈ ಪದ್ಧತಿಯನ್ನು ಅನುಸರಿಸುವವರು ತಾವು ಉಳಿಸಿದ ಇಪ್ಪತ್ತು ಸಾವಿರವನ್ನು ಪೂರ್ತಿ ಉಳಿತಾಯವೆಂದು ಎಣಿಸಕೂಡದು. 2024ರ ಕೊನೆಯ ಬೆಲೆಗಳಂತೆ ಅದರಲ್ಲಿ ಒಂದು ಎಸ್‌ಎಸ್‌ಡಿಯನ್ನೂ, ಜೊತೆಗೆ ಆರೇಳು ಸಾವಿರದ ಹಾರ್ಡ್ ಡಿಸ್ಕನ್ನೂ ಕೊಂಡಿದ್ದರೆ, ಆಗಲೂ ಕೈಯಲ್ಲಿ ಸ್ವಲ್ಪ ಹಣ ಉಳಿಯುತ್ತಿತ್ತು. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ ಸೂತ್ರವೊಂದುಂಟು: ಪ್ರತಿಗಳು ಮೂರು, ಸಾಧನಗಳ ಬಗೆ ಎರಡು, ಒಂದು ಪ್ರತಿಯಾದರೂ ಬೇರೆ ಸ್ಥಳದಲ್ಲಿ. ಕೊನೆಯ ಷರತ್ತು ಪರದೇಶದವರಿಗೆ ಕಷ್ಟವಾಗಿ ತೋರಬಹುದು; ನಮ್ಮ ಸೀಮೆಗೆ ಅದು ಸಹಜಸಿದ್ಧ. ಬೆಂಗಳೂರಿನಲ್ಲಿಯೋ ಮುಂಬಯಿಯಲ್ಲಿಯೋ ಹೋಟೆಲು, ಬೇಕರಿಗಳನ್ನು ನಡೆಸುವ ಅಣ್ಣನೋ ಮಾವನೋ ಇಲ್ಲದ ಮನೆ ಇಲ್ಲಿ ಅಪರೂಪ. ಹಬ್ಬಕ್ಕೋ ಮದುವೆಗೋ ಊರಿಗೆ ಬಂದವರು ಮರಳುವಾಗ ಕೊಂಡೊಯ್ಯುವ ಚೀಲದಲ್ಲಿ ಹಪ್ಪಳ, ಕೊಬ್ಬರಿ ಎಣ್ಣೆಗಳೊಡನೆ ಡಿಸ್ಕೊಂದಕ್ಕೂ ಎಡೆಯುಂಟು. ಕ್ಲೌಡಿನಲ್ಲಿ ಇಡಬಾರದೇ ಎಂದರೆ, ಆಯ್ದ ಚಿತ್ರಗಳಿಗೆ ಅದು ಸರಿಯೇ. ಆದರೆ ಸೆಕೆಂಡಿಗೆ 40 ಮೆಗಾಬಿಟ್ಟಿನ ಸಂಪರ್ಕದಲ್ಲಿ ಒಂದು ರಾತ್ರಿಯ ಆಟವನ್ನು ಏರಿಸಲು 20 ಗಂಟೆ ಬೇಕು, ಬಾಡಿಗೆಯನ್ನು ಕಟ್ಟುತ್ತಲೇ ಇರಬೇಕು.

ಸ್ಟುಡಿಯೋದವರು ಈ ವಿಷಯದಲ್ಲಿ ಮೇಲ್ಪಂಕ್ತಿಯಾಗಬಹುದು. ಮದುವೆಯ ವೀಡಿಯೋವನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟು, ಕೆಲವು ತಿಂಗಳುಗಳ ಬಳಿಕ ತಮ್ಮ ಡಿಸ್ಕಿನಿಂದ ಅದನ್ನು ಅಳಿಸಿಹಾಕುವುದಾದರೆ, ಆ ಅವಧಿಯನ್ನು ಗಿರಾಕಿಗೆ ಬರಹದಲ್ಲಿ ತಿಳಿಸುವುದು ಅವರ ಕರ್ತವ್ಯ. ಮದುವೆಯ ಮನೆಯವರಾದರೋ ಮಂಟಪದ ಹೂವಿಗೆ ಸಲ್ಲಿಸುವ ಹಣದ ಒಂದಂಶವನ್ನು ತೆಗೆದಿಟ್ಟು ಎರಡು ಡಿಸ್ಕುಗಳನ್ನು ತಾವೇ ಒದಗಿಸಿ, ವಧುವಿನ ಮನೆಗೊಂದು ವರನ ಮನೆಗೊಂದು ಪಡೆಯಬೇಕು. ಆ ಡಿಸ್ಕುಗಳನ್ನು ಎಕ್ಸ್‌ಫ್ಯಾಟ್ ಕ್ರಮದಲ್ಲಿ ಫಾರ್ಮ್ಯಾಟ್ ಮಾಡಿಸಿಕೊಂಡರೆ ವಿಂಡೋಸಿನಲ್ಲಿಯೂ ಮ್ಯಾಕಿನಲ್ಲಿಯೂ ಓದಲು, ಬರೆಯಲು ಬರುತ್ತದೆ. ಎನ್‌ಟಿಎಫ್‌ಎಸ್ ಆದರೆ ಮ್ಯಾಕು ಓದೀತೇ ಹೊರತು ಬರೆಯದು. ಎಕ್ಸ್‌ಫ್ಯಾಟಿನಲ್ಲಿ ಬರವಣಿಗೆಯ ನಡುವೆ ಕೇಬಲ್ಲನ್ನು ಕಿತ್ತರೆ ಕಡತಗಳ ಪಟ್ಟಿಯೇ ಕೆಡುವ ಭಯವಿರುವುದರಿಂದ, ಪರದೆಯ ಮೇಲೆ ಇಜೆಕ್ಟ್ ಒತ್ತಿ, ಡಿಸ್ಕಿನ ದೀಪವು ಆರಿದ ಮೇಲೆಯೇ ಅದನ್ನು ಕೀಳತಕ್ಕದ್ದು.